ಹೊಳೆ ದಾಟಿದ ಜೀಪಿನ ಬಾಡಿಯಲ್ಲಿ ಏನಾಗಿದೆ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಪುಷ್ಯ ಮಳೆ ಜೋರಾಗಿ ಹಿಡಿದಿದ್ದ ಒಂದು ಸಂಜೆ ನಮ್ಮ ಹಳೇ ಜೀಪಿನಲ್ಲಿ ತೋಟದಿಂದ ಮನೆಗೆ ಬರುತ್ತಿದ್ದೆ. ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಪಾದ ನೆನೆಯುವಷ್ಟಿದ್ದ ಹಳ್ಳ ಸಂಜೆಗೆ ಮೊಣಕಾಲು ಮೀರಿರುತ್ತದೆ. ಆತುರದಲ್ಲಿ ಸ್ವಲ್ಪ ಜೋರಾಗಿಯೇ ಇಳಿಸಿದೆ. ಬಾನೆಟ್ ಮೇಲೆ ಒಂದು ಅಲೆ ಹತ್ತಿ ಗಾಜಿಗೆ ಬಡಿಯಿತು. ಆ ಕಡೆ ದಡ ಹತ್ತಿದಾಗ ದೊಡ್ಡ ಸಾಧನೆ ಮಾಡಿದ ಖುಷಿ. ಮನೆಗೆ ಬಂದು ನೋಡಿದರೆ ಮುಂದಿನ ನಂಬರ್ ಪ್ಲೇಟ್ ಇಲ್ಲ. ಅಷ್ಟೇ ತಾನೇ ಅಂತ ಸುಮ್ಮನಾದೆ.

ನಿಜವಾದ ಬಿಲ್ಲು ಬಂದದ್ದು ಎರಡನೇ ಬೇಸಿಗೆಯಲ್ಲಿ. ಎಡಗಡೆ ಬಾಗಿಲಿನ ಕೆಳ ಅಂಚನ್ನು ಬೆರಳಲ್ಲಿ ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. ಒಳಗೆ ಒಂದು ಹಿಡಿಯಷ್ಟು ಒಣಗಿದ ಹೂಳು.

ಆಗ ಅರ್ಥವಾದದ್ದು ಇದು. ನೀರು ಗಾಡಿಯ ಬಾಡಿಯನ್ನು ಎರಡು ಸಲ ಹೊಡೆಯುತ್ತದೆ. ಮೊದಲ ಪೆಟ್ಟು ದಾಟುವಾಗ, ಒತ್ತಡದಿಂದ. ಪ್ಲಾಸ್ಟಿಕ್ ಮುರಿಯುತ್ತದೆ, ಕ್ಲಿಪ್ಪು ಹಾರುತ್ತದೆ, ಪ್ಲೇಟು ಕಿತ್ತು ಹೋಗುತ್ತದೆ. ಇದು ಕಣ್ಣಿಗೆ ಕಾಣುತ್ತದೆ, ಖರ್ಚೂ ಕಡಿಮೆ. ಎರಡನೇ ಪೆಟ್ಟು ಒಳಗೆ ಉಳಿದ ನೀರು ಮತ್ತು ಕೆಸರಿನಿಂದ, ನಿಧಾನವಾಗಿ. ನಾವು ಮೊದಲನೆಯದಕ್ಕೆ ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಈ ಬರಹದಲ್ಲಿ ಹೆಚ್ಚು ಜಾಗ ಎರಡನೆಯದಕ್ಕೇ.

ಗಾಡಿ ನೀರಲ್ಲೇ ಆಫ್ ಆಗಿದೆ

ಬಾಡಿ ವಿಷಯಕ್ಕೆ ಬರುವ ಮುಂಚೆ ಇದೊಂದನ್ನು ಹೇಳಲೇಬೇಕು. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಂದು ಸಲ ನೋಡೋಣ ಅಂತಲೂ ಬೇಡ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯ ಹಾಗೆ ಒತ್ತಲಾರದು. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಈ ಅಪಾಯ ಇನ್ನೂ ಜಾಸ್ತಿ.

ಎಳೆಸಿ ದಡಕ್ಕೆ ತನ್ನಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ. ಫಿಲ್ಟರ್ ಒಣಗಿದ್ದರೆ ಅರ್ಧ ಸಮಾಧಾನ. ಒದ್ದೆಯಾಗಿದ್ದರೆ ಅಥವಾ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಮೇಲಿನ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನಿಮ್ಮ ಕೆಲಸ ಅಲ್ಲಿಗೇ ನಿಲ್ಲಲಿ, ಮುಂದಿನದು ಮೆಕ್ಯಾನಿಕ್‌ಗೆ. ಗೇರ್‌ಬಾಕ್ಸ್ ಮತ್ತು ಎರಡೂ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಡಬ್ಬಿ) ಆಯಿಲನ್ನೂ ಅವರಿಂದಲೇ ನೋಡಿಸಿ. ಬಿಸಿಯಾಗಿದ್ದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ಕಿರುನಳಿಕೆ) ಮೂಲಕವೋ ಹಳೇ ಸೀಲಿನ ಮೂಲಕವೋ ನೀರನ್ನು ಎಳೆದುಕೊಳ್ಳುತ್ತದೆ.

ಹರಿಯುವ ನೀರಲ್ಲಿ ಗಾಡಿ ಪಕ್ಕಕ್ಕೆ ಜಾರಲು ಶುರುವಾದರೆ ಜನ ಮೊದಲು ಇಳಿಯಬೇಕು, ಗಾಡಿ ಆಮೇಲೆ. ಎರಡು ಅಡಿ ಹರಿವ ನೀರು ಹೆಚ್ಚಿನ ಗಾಡಿಗಳನ್ನು ಎತ್ತಿ ಒಯ್ಯಬಲ್ಲದು. ಕಂಪನಿಯವರು ಮಹೀಂದ್ರಾ ಥಾರ್‌ಗೆ 650 ಮಿ.ಮೀ., ಫೋರ್ಸ್ ಗೂರ್ಖಾಗೆ 700 ಮಿ.ಮೀ. ಎಂದು ಹೇಳುವ ಆಳವನ್ನು ನಿಧಾನವಾಗಿ, ಸೆಳೆತವಿಲ್ಲದ ನೀರಲ್ಲಿ ಹೋಗುವುದಕ್ಕೆ ಅಂತ ಓದಿಕೊಳ್ಳಿ. ಆಷಾಢದ ಹೊಳೆಗೆ ಆ ಲೆಕ್ಕ ಹಿಡಿಯಬೇಡಿ.

ಇನ್ಶೂರೆನ್ಸ್ ಇದ್ದರೆ ಏನನ್ನೂ ಬಿಚ್ಚುವ ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಿ. ಬಾಡಿಯ ಹಾನಿ ಬೇರೆ, ನೀರು ಕುಡಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಹಾಳು ಮಾಡಿಕೊಂಡದ್ದು ಬೇರೆ. ಎರಡನೆಯದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ, ಎಂಜಿನ್ ಪ್ರೊಟೆಕ್ಟ್ ಅಂತ ಪ್ರತ್ಯೇಕವಾಗಿ ತೆಗೆದುಕೊಂಡಿರಬೇಕು.

ಏನೂ ಆದ ಹಾಗೆ ಕಾಣುತ್ತಿಲ್ಲ

ಇದೂ ಒಂದು ಲಕ್ಷಣವೇ. ನನಗೆ ಮೋಸವಾದದ್ದು ಇಲ್ಲೇ. ಮನೆಗೆ ಬಂದ ದಿನ, ಹೆಚ್ಚೆಂದರೆ ಮಾರನೇ ದಿನ, ತೊಳೆಯುವ ಕೆಲಸ ಮುಗಿಸಿ. ಕೆಸರು ಒಣಗಿ ಗಟ್ಟಿಯಾದರೆ ಆಮೇಲೆ ನೀರು ಬಿಟ್ಟರೂ ಹೊರಗೆ ಬರುವುದಿಲ್ಲ. ಖರ್ಚು ಒಂದು ಹೋಸ್ ಪೈಪು, ಎರಡು ಗಂಟೆ ಸಮಯ.

ವಾಟರ್ ಸರ್ವಿಸ್‌ಗೆ ಬಿಟ್ಟರೆ ಹೊರಗಿನಿಂದ ಜೋರಾಗಿ ಹೊಡೆದು ಹೊಳೆಯುವ ಹಾಗೆ ಮಾಡಿ ಕೊಡುತ್ತಾರೆ. ನಮಗೆ ಬೇಕಾದದ್ದು ಒಳಗಿನದು. ಚಾಸಿಯ, ಅಂದರೆ ಬಾಡಿಯನ್ನು ಹೊತ್ತಿರುವ ಉಕ್ಕಿನ ಚೌಕಟ್ಟಿನ, ಉದ್ದಕ್ಕೂ ತೂತುಗಳಿರುತ್ತವೆ. ಒಂದು ತುದಿಯ ತೂತಿಗೆ ಪೈಪು ಹಿಡಿದು, ಇನ್ನೊಂದು ತುದಿಯಿಂದ ತಿಳಿ ನೀರು ಬರುವವರೆಗೆ ಬಿಡಿ. ಮೊದಲು ಕೆಂಪಗೆ ಬರುತ್ತದೆ, ಆಮೇಲೆ ಮರಳು, ಎಲೆ, ಕಡ್ಡಿ. ನಮ್ಮ ಜೀಪಿನಿಂದ ಒಮ್ಮೆ ಒಂದು ಪುಟ್ಟ ಏಡಿ ಜೀವಂತವಾಗಿ ಹೊರಗೆ ಬಂದಿತ್ತು. ಮಡ್‌ಗಾರ್ಡ್ ಒಳಗಿನ ಅಂಚು, ಬಂಪರ್ ಹಿಂಭಾಗ, ಫುಟ್‌ಬೋರ್ಡ್ ಒಳಗೆ ಕೈ ಹಾಕಿ ನೋಡಿ. ಒಡೆದ ತಗಡು ಕೊಯ್ಯುತ್ತದೆ, ಗ್ಲೌಸ್ ಇರಲಿ. ಮಳೆಗಾಲವಾದರೆ ಇಂಬಳಕ್ಕೂ (ಜಿಗಣೆ) ಅದೇ ಗ್ಲೌಸ್.

ಜೋರು ನೀರನ್ನು ರೇಡಿಯೇಟರಿನ ತೆಳು ತಗಡಿನ ಎಲೆಗಳಿಗೆ, ವೈರಿಂಗ್ ಸಾಕೆಟ್‌ಗಳಿಗೆ, ಆಕ್ಸಲ್ ಸೀಲ್‌ಗಳಿಗೆ ನೇರವಾಗಿ ಹೊಡೆಯಬೇಡಿ. ಹೊಳೆಯಲ್ಲಿ ಉಳಿದ ಸೀಲನ್ನು ವಾಟರ್ ಸರ್ವಿಸ್‌ನಲ್ಲಿ ಕಳೆದುಕೊಂಡವರಿದ್ದಾರೆ. ಮತ್ತೆ, ತೊಳೆಯಲು ಗಾಡಿಯನ್ನು ಹೊಳೆಗೇ ಇಳಿಸಬೇಡಿ. ಕೆಳಗಿನ ಊರಿನವರು ಆ ನೀರು ಕುಡಿಯುತ್ತಾರೆ.

ಗಾಡಿ ಕೆಳಗೆ ತೂರುವ ಮುಂಚೆ: ಜಾಕಿ ಒಂದನ್ನೇ ನಂಬಿ ಯಾವತ್ತೂ ತೂರಬೇಡಿ. ಮಲೆನಾಡಿನ ಅಂಗಳ ಮಳೆಗಾಲದಲ್ಲಿ ಮೆತ್ತಗಿರುತ್ತದೆ, ಜಾಕಿ ನಿಧಾನಕ್ಕೆ ಹೂತುಕೊಳ್ಳುತ್ತದೆ. ಸಿಮೆಂಟು ನೆಲದಲ್ಲಿ, ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಅಡ್ಡ ಇಟ್ಟೇ ಕೆಲಸ.

ತೊಳೆದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ಹತ್ತಾರು ಸಲ ಒತ್ತಿ, ಲೈನಿಂಗ್ ಒಣಗುತ್ತದೆ. ಹಿಂದಿನ ಡ್ರಮ್ಮಿನಿಂದ ಗರಗರ ಸದ್ದು ಬರುತ್ತಿದ್ದರೆ ಒಳಗೆ ಮರಳು ಸೇರಿದೆ, ಬಿಚ್ಚಿಸಲೇಬೇಕು.

ಕೆಳಗೆ ಏನೋ ಎಳೆಯುವ, ಉಜ್ಜುವ ಸದ್ದು

ನೂರಕ್ಕೆ ತೊಂಬತ್ತು ಸಲ ಇದು ಪ್ಲಾಸ್ಟಿಕ್. ಎಂಜಿನ್ ಕೆಳಗಿನ ಕವರ್ ಅಥವಾ ಚಕ್ರದ ಮೇಲಿನ ಲೈನರ್. ಎರಡಕ್ಕೂ ಪ್ಲಾಸ್ಟಿಕ್ ಕ್ಲಿಪ್ಪೇ ಆಧಾರ. ಕವರ್ ಮತ್ತು ಎಂಜಿನ್ ನಡುವೆ ನೀರು ನುಗ್ಗಿ ಬಕೆಟ್ಟಿನ ಹಾಗೆ ತುಂಬಿ ಕ್ಲಿಪ್ಪುಗಳನ್ನು ಕಿತ್ತಿರುತ್ತದೆ.

ಬಗ್ಗಿ ನೋಡಿ, ಜೋತು ಬಿದ್ದಿದ್ದರೆ ಕಾಣುತ್ತದೆ. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಲೈನರ್ ಟೈರಿಗೆ ತಾಗುತ್ತಿದ್ದರೆ ಓಡಿಸಬೇಡಿ, ಸ್ಪೀಡಿನಲ್ಲಿ ಚಕ್ರ ಅದನ್ನು ಒಳಗೆ ಎಳೆದುಕೊಂಡು ಪಕ್ಕದ ವೈರು, ಬ್ರೇಕ್ ಹೋಸನ್ನೂ ಕೀಳಬಹುದು. ಮನೆ ಮುಟ್ಟಲು ಕೇಬಲ್ ಟೈ ಸಾಕು. ಆಮೇಲೆ ಹೊಸ ಕ್ಲಿಪ್ಪು ಹಾಕಿಸಿ. ಕವರ್ ಬೇಡ ಅಂತ ಕಿತ್ತು ಮೂಲೆಗೆ ಎಸೆಯುವವರೂ ಇದ್ದಾರೆ. ಮುಂದಿನ ಹಳ್ಳದಲ್ಲಿ ಫ್ಯಾನ್ ಬೆಲ್ಟಿನ ಮೇಲೆ ನೇರ ನೀರು ಬಿದ್ದಾಗ ಅದು ಯಾಕಿತ್ತು ಅಂತ ಗೊತ್ತಾಗುತ್ತದೆ.

ಪ್ಲಾಸ್ಟಿಕ್ ಎಲ್ಲಾ ಸರಿಯಿದ್ದು ತಗಡಿನ ಕಿರಿಕಿರಿ ಬರುತ್ತಿದ್ದರೆ ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡು ನೋಡಿ. ತಣ್ಣಗಾದ ಮೇಲೆ ಮುಟ್ಟಿ.

ನಂಬರ್ ಪ್ಲೇಟ್ ಇಲ್ಲ, ಬಂಪರ್ ಸೊಟ್ಟವಾಗಿದೆ

ಒಂದೇ ಅಳತೆಯ ಗಾಳಿಗಿಂತ ನೀರು ಸುಮಾರು 800 ಪಟ್ಟು ಭಾರ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ನಡೆಯುವ ವೇಗದಲ್ಲಿ ಇಳಿದಿದ್ದರೆ ಉಳಿಯುತ್ತಿದ್ದ ಪ್ಲೇಟು ಇಪ್ಪತ್ತರಲ್ಲಿ ಇಳಿದರೆ ಉಳಿಯುವುದಿಲ್ಲ. ಹೈ ಸೆಕ್ಯುರಿಟಿ ಪ್ಲೇಟ್ ಕಳೆದುಹೋದರೆ ಬೀದಿಬದಿ ಅಂಗಡಿಯಲ್ಲಿ ಬರೆಸಿ ಹಾಕುವ ಹಾಗಿಲ್ಲ. ಠಾಣೆಗೆ ತಿಳಿಸಿ, ದೂರಿನ ಪ್ರತಿ ಇಟ್ಟುಕೊಂಡು, ಹೊಸದಕ್ಕೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ನೀರು ಇಳಿದ ಮೇಲೆ ಹಳ್ಳದ ಕೆಳಗೆ ಐವತ್ತು ಹೆಜ್ಜೆ ನಡೆದು ನೋಡಿ. ನನ್ನದು ಮೂರನೇ ದಿನ ಒಂದು ಬಂಡೆ ಸಂದಿಯಲ್ಲಿ ಸಿಕ್ಕಿತು, ತಟ್ಟೆಯ ಹಾಗೆ ಬಾಗಿ.

ಪ್ಲಾಸ್ಟಿಕ್ ಬಂಪರ್ ತಗ್ಗಾಗಿದ್ದು ಬಿರುಕು ಇಲ್ಲದಿದ್ದರೆ ಚೆನ್ನಾಗಿ ಕಾದ ನೀರು ಸುರಿದು ಒಳಗಿನಿಂದ ಒತ್ತಿ. ಬಹಳಷ್ಟು ಸಲ ತಾನಾಗಿ ಹೊರಗೆ ಬರುತ್ತದೆ. ಕೈ ಸುಟ್ಟುಕೊಳ್ಳಬೇಡಿ, ದಪ್ಪ ಬಟ್ಟೆ ಇರಲಿ. ಬಿರುಕು ಬಿಟ್ಟಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ಬಂಪರ್ ಒಂದು ಕಡೆ ಮಾತ್ರ ಜೋತಿದ್ದರೆ ಪಕ್ಕದ ಬ್ರ್ಯಾಕೆಟ್ ಮುರಿದಿದೆ ಅಂತ ಅರ್ಥ, ಪೂರ್ತಿ ಬಂಪರ್ ಬದಲಿಸಿ ಅಂದರೆ ಒಪ್ಪಬೇಡಿ, ಬ್ರ್ಯಾಕೆಟ್ ಬೇರೆಯಾಗಿ ಸಿಗುತ್ತಾ ಕೇಳಿ.

ಕಬ್ಬಿಣದ ಬಂಪರ್ ಸೊಟ್ಟಗಾಗಿದ್ದರೆ ಅದು ನೀರಿನ ಕೆಲಸವಲ್ಲ. ನೀರೊಳಗಿನ ಬಂಡೆಗೆ ಗುದ್ದಿದೆ. ಅದು ಚಾಸಿಗೆ ಬೋಲ್ಟಾಗಿರುವ ಜಾಗ ನೋಡಿ. ಅಲ್ಲಿ ಪೇಂಟು ಸುಕ್ಕುಗಟ್ಟಿದ್ದರೆ ಕೆಳಗೆ ಬರೆದಿರುವ ಟೇಪಿನ ಪರೀಕ್ಷೆ ಮಾಡಲೇಬೇಕು.

ಮುಂದಿನಿಂದ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತೊಟ್ಟಿಕ್ಕುತ್ತಿದೆ

ಹಳೇ ಜೀಪುಗಳಲ್ಲಿ ಫ್ಯಾನ್ ಎಂಜಿನ್ ಜೊತೆಯಲ್ಲೇ ತಿರುಗುತ್ತದೆ. ನೀರಿಗೆ ಸಿಕ್ಕಿದಾಗ ಅದರ ರೆಕ್ಕೆಗಳು ದೋಣಿಯ ಪ್ರೊಪೆಲರಿನ ಹಾಗೆ ಮುಂದಕ್ಕೆ ಬಾಗಿ ರೇಡಿಯೇಟರನ್ನು ಕೆರೆಯುತ್ತವೆ. ಟಾರ್ಚ್ ಹಿಡಿದು ರೇಡಿಯೇಟರಿನ ಹಿಂಭಾಗ ನೋಡಿ. ದುಂಡಗೆ ಕೆರೆದ ಗುರುತು ಇದ್ದರೆ ಇದೇ ಕಾರಣ. ರಿಪೇರಿ ರೇಡಿಯೇಟರ್ ಅಂಗಡಿಯಲ್ಲೇ ಆಗಬೇಕು. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ತೊಟ್ಟಿಕ್ಕುತ್ತಿದ್ದರೆ ಓಡಿಸಿಕೊಂಡು ಹೋಗುವುದೂ ಬೇಡ.

ಗುರುತಿಲ್ಲದೆ ಬರೀ ಎಂಜಿನ್ ಬಿಸಿಯಾಗುತ್ತಿದ್ದರೆ ರೇಡಿಯೇಟರ್ ಎಲೆಗಳ ನಡುವೆ ಕೆಸರು ಕೂತಿದೆ. ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ನೀರಲ್ಲಿ ತೊಳೆಯಿರಿ.

ಹೆಡ್‌ಲೈಟ್ ಒಳಗೆ ಮಂಜು

ತೆಳುವಾದ ಮಂಜು ಮಾತ್ರವಾಗಿದ್ದು, ಅರ್ಧ ಗಂಟೆ ಲೈಟ್ ಹಾಕಿಟ್ಟರೆ ಮಾಯವಾದರೆ ಏನೂ ಮಾಡಬೇಡಿ. ತಳದಲ್ಲಿ ನೀರು ನಿಂತು ಅಲ್ಲಾಡುತ್ತಿದ್ದರೆ ಹಿಂದಿನ ರಬ್ಬರ್ ಮುಚ್ಚಳ ಸರಿದಿದೆ ಅಥವಾ ಗಾಜನ್ನು ಲ್ಯಾಂಪಿನ ಡಬ್ಬಿಗೆ ಅಂಟಿಸಿರುವ ಗಮ್ ಬಿಟ್ಟಿದೆ. ಬಲ್ಬ್ ತೆಗೆದು, ನೀರು ಬಗ್ಗಿಸಿ, ಕೂದಲು ಒಣಗಿಸುವ ಡ್ರೈಯರನ್ನು ಸಣ್ಣ ಬಿಸಿಯಲ್ಲಿ ಹಿಡಿಯಿರಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮತ್ತೆ ನೀರು ತುಂಬಿದರೆ ಲ್ಯಾಂಪೇ ಬದಲಿಸಬೇಕಾಗಬಹುದು. ತಳಕ್ಕೆ ತೂತು ಕೊರೆಯುವ ಸಲಹೆ ಬಹಳ ಜನ ಕೊಡುತ್ತಾರೆ. ಬರುವ ನೀರು ಅದರಿಂದಲೂ ಬರುತ್ತದೆ ಅಲ್ವಾ?

ಬಾಗಿಲು ತೆಗೆದು ಹಾಕುವಾಗ ಗುಳುಗುಳು

ಇದು ನಾನು ಕೇಳಿಸಿಕೊಂಡೂ ಬಿಟ್ಟ ಸದ್ದು. ಬಾಗಿಲಿನ ಎರಡು ತಗಡುಗಳ ನಡುವೆ ನೀರು ನಿಂತಿದೆ ಅಂತ ಅರ್ಥ. ಬಾಗಿಲಿನೊಳಗೆ ನೀರು ಬರುವುದೇ ತಪ್ಪಲ್ಲ. ಗಾಜಿನ ಪಕ್ಕದ ಬೀಡಿಂಗ್ (ರಬ್ಬರ್ ಪಟ್ಟಿ) ಮೂಲಕ ಪ್ರತಿ ಮಳೆಗೂ ಬರುತ್ತದೆ, ತಳದ ತೂತುಗಳಿಂದ ಹೋಗುತ್ತದೆ. ಹೊಳೆ ನೀರು ಜೊತೆಗೆ ಹೂಳು ತರುತ್ತದೆ, ಹೂಳು ಆ ತೂತುಗಳನ್ನು ಮುಚ್ಚುತ್ತದೆ. ಆಮೇಲೆ ಬರುವ ಪ್ರತಿ ಮಳೆಯೂ ಒಳಗೇ ನಿಲ್ಲುತ್ತದೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಬಾಗಿಲು ತೆರೆದು ಕೆಳ ಅಂಚಿನ ಅಡಿಗೆ ಬೆರಳಾಡಿಸಿ. ಎರಡೋ ಮೂರೋ ಸಣ್ಣ ಸೀಳು ತೂತು ಸಿಗುತ್ತವೆ. ತೆಂಗಿನ ಪೊರಕೆ ಕಡ್ಡಿಯಿಂದ ಚುಚ್ಚಿ. ಸ್ಕ್ರೂಡ್ರೈವರ್ ಬೇಡ, ಅಂಚಿನ ಪೇಂಟ್ ಕೆತ್ತಿದರೆ ತುಕ್ಕಿಗೆ ನಾವೇ ಬಾಗಿಲು ತೆರೆದ ಹಾಗೆ. ನೀರು ಸುರಿದರೆ ಅದು ಪೂರ್ತಿ ನಿಲ್ಲುವವರೆಗೆ ಬಿಡಿ. ಆಮೇಲೆ ಗಾಜು ಇಳಿಸಿ, ಬೀಡಿಂಗ್ ಸಂದಿಯಿಂದ ಒಂದು ಚೊಂಬು ಒಳ್ಳೇ ನೀರು ಹಾಕಿ. ಹಾಕಿದಷ್ಟೂ ನಿಮಿಷದೊಳಗೆ ಕೆಳಗೆ ಬಂದರೆ ತೂತು ಸರಿಯಾಗಿದೆ.

ಬರುತ್ತಿಲ್ಲ ಅಥವಾ ಬಂದ ನೀರು ಕೆಸರಾಗಿಯೇ ಇದೆ ಅಂದರೆ ಡೋರ್ ಪ್ಯಾಡ್ ಬಿಚ್ಚಬೇಕು. ಹ್ಯಾಂಡಲ್ ಹಿಂದೆ, ಜೇಬಿನ ತಳದಲ್ಲಿ ಸ್ಕ್ರೂಗಳು ಅಡಗಿರುತ್ತವೆ. ಅವನ್ನು ತೆಗೆದ ಮೇಲೆ ಸುತ್ತಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಸಡಿಲಿಸಿ. ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದು ಅಂಟಿರುತ್ತದೆ. ಅದನ್ನು ಹರಿಯಬೇಡಿ. ಮೆಕ್ಯಾನಿಕ್‌ಗಳು ಎಷ್ಟೋ ಸಲ ಅದನ್ನು ಕಿತ್ತೆಸೆದು ಹಾಗೇ ಪ್ಯಾಡ್ ಮುಚ್ಚುತ್ತಾರೆ. ಆಮೇಲೆ ಪ್ರತಿ ಮಳೆಗೂ ಪ್ಯಾಡ್ ನೆನೆದು ಉಬ್ಬುತ್ತದೆ, ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ, ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಳಗಿನ ಹೂಳನ್ನು ಕೈಯಿಂದ ತೆಗೆದು, ತೊಳೆದು, ಪೂರ್ತಿ ಒಣಗಲು ಬಿಡಿ. ಗಾಜು ಏರಿಸುವ ಯಂತ್ರದ ಗ್ರೀಸ್ ಹೋಗಿರುತ್ತದೆ, ಹೊಸದು ಹಚ್ಚಿ. ಪವರ್ ವಿಂಡೋ ಇದ್ದರೆ ಸಾಕೆಟ್ ಒಣಗುವವರೆಗೆ ಸ್ವಿಚ್ ಒತ್ತಬೇಡಿ. ತಳಕ್ಕೆ ಒಳಗಿನಿಂದ ಸಿಂಪಡಿಸುವ ಮೇಣದಂಥ ಕೋಟಿಂಗ್ ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ. ಹೊಡೆದ ಮೇಲೆ ಮತ್ತೆ ಅದೇ ಕಡ್ಡಿಯಿಂದ ತೂತು ಬಿಡಿಸುವುದನ್ನು ಮರೆಯಬೇಡಿ.

ಗಾಡಿಯ ಬಾಗಿಲಿನೊಳಗೆ ಹಳದಿ ಬಣ್ಣದ ಸಾಕೆಟ್ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಏರ್‌ಬ್ಯಾಗ್ ಲೈನು. ತಿಳಿದವರಿಗೇ ಬಿಡಿ.

ಒಳಗೆ ಕೂತರೆ ಒದ್ದೆ ಗೋಣಿಚೀಲದ ವಾಸನೆ

ಕಾರ್ಪೆಟ್ ಮೇಲೆ ಕೈಯಿಟ್ಟರೆ ಒಣಗಿರುತ್ತದೆ. ಮೋಸ ಇರುವುದೇ ಅಲ್ಲಿ. ಅದರ ಕೆಳಗಿನ ಸ್ಪಂಜು ಒಂದು ತಿಂಗಳಾದರೂ ನೀರು ಹಿಡಿದಿರುತ್ತದೆ. ಕಾರ್ಪೆಟ್ ಅಂಚು ಎತ್ತಿ, ಹಳೇ ಪೇಪರ್ ಮಡಚಿ ತೂರಿಸಿ, ಮೇಲೆ ಕಾಲಿಟ್ಟು ಒತ್ತಿ. ಪೇಪರ್ ಒದ್ದೆಯಾದರೆ ಕಾರ್ಪೆಟ್ ಹೊರಗೆ ಬರಬೇಕು. ಪರ್ಫ್ಯೂಮ್ ಡಬ್ಬಿ ತೂಗುಹಾಕುವುದು ಇದಕ್ಕೆ ಮದ್ದಲ್ಲ.

ಕಾರ್ಪೆಟ್ ತೆಗೆಯಲು ಸೀಟ್ ತೆಗೆಯಬೇಕು. ಹೊಸ ಗಾಡಿಗಳಲ್ಲಿ ಸೀಟಿನ ಕೆಳಗೂ ಅದೇ ಹಳದಿ ಸಾಕೆಟ್ ಇರಬಹುದು, ಇದ್ದರೆ ಸರ್ವಿಸ್ ಸೆಂಟರಿನಲ್ಲಿ ತೆಗೆಸಿ. ಹಳೇ ಜೀಪಾದರೆ ನಾಲ್ಕು ಬೋಲ್ಟು, ಮುಗಿಯಿತು. ತಗಡಿನ ನೆಲದಲ್ಲಿ ರಬ್ಬರ್ ಬಿರಡೆಗಳಿರುತ್ತವೆ. ತೆಗೆದರೆ ನಿಂತ ನೀರು ಇಳಿಯುತ್ತದೆ. ತೆಗೆದ ಬಿರಡೆಗಳನ್ನು ಒಂದು ಲೋಟದಲ್ಲಿ ಹಾಕಿಡಿ. ಮತ್ತೆ ಹಾಕಲು ಮರೆತರೆ ಮುಂದಿನ ಹಳ್ಳದಲ್ಲಿ ಕಾಲಡಿಯಿಂದ ಕಾರಂಜಿ ಏಳುತ್ತದೆ. ನಮ್ಮ ತಮ್ಮನ ಗಾಡಿಯಲ್ಲಿ ಎದ್ದಿದೆ.

ಇನ್ನು ಒಣಗಿಸುವ ಕಷ್ಟ. ಜುಲೈಯಲ್ಲಿ ಮಲೆನಾಡಿನಲ್ಲಿ ಬಿಸಿಲೆಲ್ಲಿ? ನಮ್ಮ ಮನೆಯಲ್ಲಿ ಕಾರ್ಪೆಟ್ಟನ್ನು ಬಚ್ಚಲೊಲೆಯ ಎದುರು ಹಗ್ಗ ಕಟ್ಟಿ ಹರಡುತ್ತೇವೆ, ಅಮ್ಮನ ಬೈಗುಳದ ಸಮೇತ. ಒಲೆಯಿಂದ ನಾಲ್ಕಡಿಯಾದರೂ ದೂರ ಇರಲಿ, ಅದರ ಸ್ಪಂಜು ಹೊತ್ತಿಕೊಂಡರೆ ವಿಷದ ಹೊಗೆ. ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಿದ್ದನ್ನಂತೂ ಒಲೆ ಹತ್ತಿರ ತರಲೇಬೇಡಿ. ಗಾಡಿಯ ಒಳಭಾಗಕ್ಕೆ ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ, ಕಿಟಕಿ ಸ್ವಲ್ಪ ಇಳಿಸಿ, ಬಯಲಲ್ಲಿ ಅರ್ಧ ಗಂಟೆ ಓಡಿಸಿ. ಎಸಿ ತೇವ ಹೀರುತ್ತದೆ, ಹೀಟರ್ ಒಣಗಿಸುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಈ ಕೆಲಸ ಮಾಡಬೇಡಿ, ಆ ಹೊಗೆ ಜೀವ ತೆಗೆಯುತ್ತದೆ.

ಅರವತ್ತು ದಾಟಿದರೆ ಸ್ಟೇರಿಂಗ್ ನಡುಕ

ಚಕ್ರದ ರಿಮ್ಮಿನ ಒಳಬದಿಯಲ್ಲಿ ಕೆಸರು ಅಂಟಿ ಒಣಗಿದೆ. ಕೈ ಹಾಕಿ ಕೆರೆದು ತೊಳೆಯಿರಿ. ಎಷ್ಟೋ ಜನ ಇಷ್ಟಕ್ಕೇ ಅಲೈನ್‌ಮೆಂಟಿಗೆ ದುಡ್ಡು ಸುರಿಯುತ್ತಾರೆ. ತೊಳೆದ ಮೇಲೂ ನಡುಗಿದರೆ ರಿಮ್ ಅಥವಾ ಸ್ಟೇರಿಂಗ್ ರಾಡ್ ಬಾಗಿದೆ, ಗ್ಯಾರೇಜಿಗೆ.

ಬಾಗಿಲು ಮೊದಲಿನ ಹಾಗೆ ಕೂರುತ್ತಿಲ್ಲ

ಇಲ್ಲಿಂದ ಮುಂದಿನದು ದೊಡ್ಡ ಖರ್ಚಿನ ದಾರಿ. ಸುಲಭದ್ದು ಮೊದಲು: ಬೀಡಿಂಗ್ ಮಡಚಿಕೊಂಡಿದೆಯಾ, ಲಾಕಿನಲ್ಲಿ ಮರಳು ಸೇರಿದೆಯಾ ನೋಡಿ. ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಸಡಿಲವಾಗಿ ಅಲ್ಲಾಡಿದರೆ ಹಿಂಜ್ (ಕೀಲು) ಸವೆದಿದೆ ಅಷ್ಟೇ.

ಅದಲ್ಲವಾದರೆ ಬಾಗಿಲಿನ ಸುತ್ತಲಿನ ಸಂದಿ ನೋಡಿ. ಮೇಲೆ ಅಗಲ, ಕೆಳಗೆ ಕಿರಿದು ಆಗಿದೆಯಾ? ಎಡಕ್ಕೂ ಬಲಕ್ಕೂ ಹೋಲಿಸಿ. ಜೀಪಿನಂಥ ಗಾಡಿಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಡುವೆ ದಪ್ಪ ರಬ್ಬರ್ ಬುಷ್ ಕೊಟ್ಟು ಬೋಲ್ಟ್ ಹಾಕಿರುತ್ತಾರೆ. ಬಂಡೆಗೆ ಗುದ್ದಿದಾಗ ಆ ರಬ್ಬರ್ ಹರಿದು ಬಾಡಿ ಒಂದು ಕಡೆ ಕೂತಿರಬಹುದು. ಟಾರ್ಚ್ ಹಿಡಿದು ಎಲ್ಲ ಬುಷ್ ನೋಡಿ. ಬುಷ್ ಬದಲಿಸುವುದು ಮಧ್ಯಮ ಖರ್ಚಿನ ಕೆಲಸ.

ಬುಷ್ ಸರಿಯಿದ್ದರೆ ಟೇಪು ಹಿಡಿಯಿರಿ. ಚಾಸಿಯ ಎಡ ಮುಂದಿನ ಒಂದು ಬೋಲ್ಟಿನಿಂದ ಬಲ ಹಿಂದಿನ ಬೋಲ್ಟಿಗೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಆಮೇಲೆ ಬಲ ಮುಂದಿನಿಂದ ಎಡ ಹಿಂದಿನದಕ್ಕೆ. ಎರಡೂ ಒಂದೇ ಬರಬೇಕು. ಟೇಪಿನಲ್ಲಿ ಕೆಲವು ಮಿ.ಮೀ. ಆಚೀಚೆ ಆಗುವುದು ಸಹಜ. ಎರಡು ಮೂರು ಸಲ ಅಳೆದರೂ ಸೆಂಟಿಮೀಟರ್ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ, ಅಥವಾ ಚಾಸಿಯಲ್ಲಿ ಎಲ್ಲಾದರೂ ಕೂದಲೆಳೆಯ ಬಿರುಕು ಕಂಡರೆ ಗಾಡಿ ಓಡಿಸಬೇಡಿ. ಚಾಸಿ ನೇರ ಮಾಡುವ ಯಂತ್ರ ಇರುವ ಕಡೆಗೆ ಟೋ ಮಾಡಿಸಿ. ಬಿರುಕಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ ಹಾಕಿಸಿದರೆ ಆಯ್ತು ಅನ್ನುವವರ ಮಾತು ಕೇಳಬೇಡಿ.

ತಳದ ತಗಡಿನ ತಗ್ಗುಗಳ ಬಗ್ಗೆ ನನ್ನ ಲೆಕ್ಕ ಸರಳ. ಪೇಂಟ್ ಒಡೆಯದ ತಗ್ಗನ್ನು ಹಾಗೇ ಬಿಡಿ. ಪೇಂಟ್ ಒಡೆದಿದ್ದರೆ ಅಂದೇ ಪ್ರೈಮರ್. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪಿನ ಹತ್ತಿರದ ತಗ್ಗಾದರೆ ಪೇಂಟ್ ಹೇಗಿದ್ದರೂ ಮೆಕ್ಯಾನಿಕ್ ನೋಡಲಿ.

ಪೇಂಟಿನ ಕೆಳಗೆ ಗುಳ್ಳೆ

ತಿಂಗಳುಗಳ ನಂತರ ಕಾಣುವ ಲಕ್ಷಣ ಇದು. ಬಾಗಿಲಿನ ತಳ, ಮಡ್‌ಗಾರ್ಡ್ ಅಂಚು, ಹಿಂದಿನ ಬಾಗಿಲಿನ ಕೆಳಗೆ, ಫುಟ್‌ಬೋರ್ಡ್ ಜೋಡಿಸಿದ ಜಾಗ. ಕಲ್ಲು ಬಡಿದು ಹೊರಗಿನಿಂದ ಬಂದ ತುಕ್ಕು ಒಂದು ಚುಕ್ಕಿಯಿಂದ ಸುತ್ತ ಹರಡುತ್ತದೆ, ನಡುವೆ ಪೇಂಟ್ ಹಾರಿರುತ್ತದೆ. ಪೇಂಟ್ ಹಾರದೆ ಉಬ್ಬಿದ್ದರೆ ತುಕ್ಕು ಒಳಗಿನಿಂದ ತಿಂದುಕೊಂಡು ಹೊರಗೆ ಬಂದಿದೆ. ಮೊದಲನೆಯದು ಮನೆಯಲ್ಲಿ ಆಗುವ ಕೆಲಸ, ಎರಡನೆಯದು ಟಿಂಕರ್ (ಬಾಡಿ ತಗಡಿನ ಕೆಲಸದವರು) ಮಾಡುವ ಕೆಲಸ.

ಪರೀಕ್ಷೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದು ಹೋದದ್ದು ಬದ್ ಅನ್ನುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ ಅಥವಾ ಅದರ ಮೇಲೆ ಹಿಂದೆ ಯಾರೋ ದಪ್ಪಗೆ ಪುಟ್ಟಿ (ತಗ್ಗು ತುಂಬುವ ಲೇಪ) ಹಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ.

ಮೇಲ್ಮೈ ತುಕ್ಕಾದರೆ ಹೀಗೆ ಮಾಡಿ. ವೈರ್ ಬ್ರಷ್, ಆಮೇಲೆ 80 ನಂಬರಿನ ಎಮರಿ ಪೇಪರ್, ಹೊಳೆಯುವ ತಗಡು ಕಾಣುವವರೆಗೆ. ಗುಳಿಗಳಲ್ಲಿ ಉಳಿದ ಕಂದು ಬಣ್ಣಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ, ಅದು ಕಪ್ಪಾಗುತ್ತದೆ. ಅದರಲ್ಲಿ ಆಮ್ಲ ಇರುತ್ತದೆ, ಗ್ಲೌಸ್ ಮತ್ತು ಕನ್ನಡಕ ಬೇಕು. ಪೂರ್ತಿ ಒಣಗಿದ ಮೇಲೆ ಡಬ್ಬಿಯ ಮೇಲೆ ಬರೆದ ಪ್ರಕಾರ ಪ್ರೈಮರ್. ನಾನು ಎಪಾಕ್ಸಿ ಪ್ರೈಮರನ್ನೇ ಹೇಳುತ್ತೇನೆ, ಸಾದಾ ಪ್ರೈಮರ್ ತೇವವನ್ನು ಪೂರ್ತಿ ತಡೆಯುವುದಿಲ್ಲ. ಪುಟ್ಟಿ ಬೇಕಾದರೆ ಪ್ರೈಮರ್ ಮೇಲೆ, ತೆಳುವಾಗಿ, ಮೂರು ಮಿ.ಮೀ. ಮೀರದ ಹಾಗೆ. ಪುಟ್ಟಿ ತೇವ ಹೀರುತ್ತದೆ. ತುಕ್ಕಿನ ಮೇಲೆ ನೇರ ಬಳಿದರೆ ಒದ್ದೆ ಬಟ್ಟೆ ಕಟ್ಟಿಟ್ಟ ಹಾಗೆ. ಗಾಳಿಯಲ್ಲಿ ತೇವ ತುಂಬಿರುವ ದಿನ ಪೇಂಟ್ ಹೊಡೆಯಬೇಡಿ, ಹೊಳಪು ಹೋಗಿ ಬೆಳ್ಳಗಾಗುತ್ತದೆ. ನಮ್ಮ ಕಡೆ ಅಂದರೆ ದೀಪಾವಳಿವರೆಗೆ ಪ್ರೈಮರಿನಲ್ಲೇ ಓಡಾಡುವುದು ಅಂತ ಅರ್ಥ. ಓಡಾಡಿ, ಯಾರೂ ನಗುವುದಿಲ್ಲ.

ಸ್ಕ್ರೂಡ್ರೈವರ್ ತುದಿ ಒಳಗೆ ಹೋಯಿತೆಂದರೆ ಕತ್ತರಿಸಿ ಹೊಸ ತಗಡು ಕೂರಿಸಲೇಬೇಕು. ಬಾಡಿ ತಗಡು ಒಂದು ಮಿ.ಮೀ. ಆಸುಪಾಸಿನದು, ಗ್ಯಾಸ್ ವೆಲ್ಡಿಂಗಿನ ಬಿಸಿಗೆ ಸುಕ್ಕಾಗುತ್ತದೆ. ಮಿಗ್ ವೆಲ್ಡಿಂಗ್ (ತಂತಿ ಕರಗಿಸಿ ಬೆಸೆಯುವ ವಿದ್ಯುತ್ ವೆಲ್ಡಿಂಗ್) ಇರುವ ಟಿಂಕರನ್ನು ಹುಡುಕಿ. ವೆಲ್ಡಿಂಗ್ ಮುಂಚೆ ಬ್ಯಾಟರಿ ಬಿಚ್ಚಿರಬೇಕು, ಕಾರ್ಪೆಟ್ ಸ್ಪಂಜು ಹೊರಗಿರಬೇಕು, ಟ್ಯಾಂಕ್ ಹತ್ತಿರವಾದರೆ ಟ್ಯಾಂಕೇ ಇಳಿಸಿರಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಇದಿಷ್ಟನ್ನು ನೀವೇ ನಿಂತು ನೋಡಿ. ನನ್ನ ಬಾಗಿಲಿಗೆ ಪುಟ್ಟಿ ಹಾಕಿ ಬೇಗ ಮುಗಿಸಿ ಅಂದಿದ್ದಕ್ಕೆ ನಮ್ಮೂರಿನ ಟಿಂಕರ್ ನಕ್ಕುಬಿಟ್ಟರು. "ಹಾಕ್ತೀನಿ ಸಾರ್, ಮುಂದಿನ ವರ್ಷ ಇನ್ನೊಂದ್ಸಲ ದುಡ್ಡು ತಗೊಂಡು ಬನ್ನಿ." ಕೊನೆಗೆ ತಳದ ಒಂದು ಗೇಣು ಕತ್ತರಿಸಿ ಹೊಸದು ಕೂರಿಸಿದರು.

ಇನ್ನೊಂದು ಮಾತು, ತಳಕ್ಕೆ ಹೊಡೆಸುವ ರಬ್ಬರ್ ಕೋಟಿಂಗ್ ಬಗ್ಗೆ. ಹೊಳೆ ದಾಟಿ ಬಂದ ವಾರವೇ ಹೊಡೆಸಿದರೆ ಒಳಗಿನ ತೇವಕ್ಕೆ ಮುಚ್ಚಳ ಹಾಕಿದ ಹಾಗೆ. ಹೊರಗೆ ಕಪ್ಪಗೆ ಚೆಂದ ಕಾಣುತ್ತದೆ, ಕೆಳಗೆ ತುಕ್ಕು ಆರಾಮಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ, ತುಕ್ಕು ತೆಗೆದ ಮೇಲೆ ಮಾತ್ರ ಹೊಡೆಸಿ. ಎಸ್ಟೇಟ್‌ಗಳಲ್ಲಿ ಹಳೇ ಎಂಜಿನ್ ಆಯಿಲನ್ನೇ ತಳಕ್ಕೆ ಬಳಿಯುವ ಪದ್ಧತಿ ಇತ್ತು. ತುಕ್ಕನ್ನು ಸ್ವಲ್ಪ ತಡೆಯುವುದೇನೋ ಹೌದು, ಆದರೆ ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಬ್ರೇಕ್ ಮೇಲೆ ಬಿದ್ದರೆ ಅಪಾಯ, ಉಳಿದದ್ದು ತೋಟದ ಮಣ್ಣಿಗೆ.

ನೀರು ಉಪ್ಪಾಗಿದ್ದರೆ

ಕರಾವಳಿಯಲ್ಲಿ ಮರಳಿಗೆ ಗಾಡಿ ಇಳಿಸಿ ಅಲೆಗೆ ಸಿಕ್ಕಿಸಿಕೊಂಡವರು, ಅಳಿವೆ ಹತ್ತಿರದ ಹಿನ್ನೀರು ದಾಟಿದವರು ಮೇಲಿನ ಎಲ್ಲಾ ಲೆಕ್ಕವನ್ನು ಚುರುಕು ಮಾಡಿಕೊಳ್ಳಬೇಕು. ಸಿಹಿನೀರಲ್ಲಿ ಮಾರನೇ ದಿನ ತೊಳೆದರೆ ನಡೆಯುತ್ತದೆ, ಉಪ್ಪುನೀರಿಗೆ ಅವತ್ತೇ. ಒಂದು ಸಲ ತೊಳೆದು ಒಣಗಿಸಿ, ವಾರದೊಳಗೆ ಇನ್ನೆರಡು ಸಲ. ಉಪ್ಪು ತಗಡಿನ ಮಡಿಕೆಗಳಲ್ಲಿ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ವೈರಿಂಗ್ ಸಾಕೆಟ್‌ಗಳಲ್ಲಿ ಹಸಿರು ಪುಡಿ ಕಂಡರೆ ಎಲೆಕ್ಟ್ರಿಷಿಯನ್ ಬಳಿ ಹೋಗುವುದನ್ನು ಮುಂದೂಡಬೇಡಿ.

ನಮ್ಮ ಜೀಪಿನ ಬಾಗಿಲಿಗೆ ಈಗ ನಾಲ್ಕು ತೂತು. ಮೂರು ಮೊದಲೇ ಇದ್ದವು, ಒಂದನ್ನು ಟಿಂಕರ್ ತಾವೇ ಸೇರಿಸಿದರು. ಮೇ ಕೊನೆಗೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಕಡ್ಡಿ ಹಾಕಿ ನೋಡುತ್ತೇನೆ. ಆ ಕಡ್ಡಿ ಡ್ಯಾಶ್‌ಬೋರ್ಡಿನ ಸಂದಿಯಲ್ಲೇ ಸಿಕ್ಕಿಸಿಟ್ಟಿದ್ದೇನೆ.